‘ಹಾಗಾದರೆ ನೀವೇ ನೋಡಿಕೊಳ್ಳಿ’: ಗೌರವದಿಂದ ಬರೆದ ಸಾಲು ನೋಯಿಸಿದ್ದು ಹೇಗೆ?

ಪ್ರಶ್ನೆ: ನಾನು ಡೊಂಬಿವಲಿ ಪಶ್ಚಿಮದಲ್ಲಿರುವ ಗೃಹಿಣಿ. ಇಲ್ಲಿನ ಒಂದು ಕನ್ನಡ ಸಂಘದ ಮಹಿಳಾ ವಿಭಾಗದ ವಾಟ್ಸಾಪ್ ಗ್ರೂಪ್‌ಗೆ ಅಡ್ಮಿನ್ ಆಗಿದ್ದೇನೆ. ರಾಜ್ಯೋತ್ಸವದ ಊಟಕ್ಕೆ ಯಾರನ್ನು ಗೊತ್ತುಮಾಡುವುದೆಂದು ಗ್ರೂಪ್‌ನಲ್ಲಿ ಚರ್ಚೆ ನಡೆಯುತ್ತಿತ್ತು. ನಾನು ಒಬ್ಬ ಕೇಟರರ್ ಹೆಸರು ಹೇಳಿದೆ. ನಾವೆಲ್ಲ ಅಕ್ಕ ಎಂದೇ ಕರೆಯುವ ಹಿರಿಯ ಸದಸ್ಯೆಯೊಬ್ಬರು, ತಮಗೆ ಪರಿಚಯವಿರುವ ಠಾಣೆಯವರು ಇನ್ನೂ ಚೆನ್ನಾಗಿ ಮಾಡುತ್ತಾರೆ ಎಂದರು. ಅಡುಗೆಯ ವಿಷಯದಲ್ಲಿ ಅವರಿಗಿರುವ ಅನುಭವ ನನಗಿಲ್ಲ. ಆದ್ದರಿಂದ ರಾತ್ರಿ ಹನ್ನೊಂದೂವರೆಗೆ ‘ಸರಿ. ಹಾಗಾದರೆ ನೀವೇ ನೋಡಿಕೊಳ್ಳಿ.’ ಎಂದು ಬರೆದು ಮಲಗಿದೆ. ಬೆಳಗ್ಗೆ ನೋಡಿದರೆ ಅಕ್ಕ ಗ್ರೂಪ್ ಬಿಟ್ಟು ಹೋಗಿದ್ದರು. ಗಾಬರಿಯಾಗಿ ಗ್ರೂಪ್‌ನಲ್ಲೇ ‘ಅಕ್ಕ ತಪ್ಪು ತಿಳಿದುಕೊಂಡಿದ್ದಾರೆ, ನನ್ನ ಮನಸ್ಸಿನಲ್ಲಿ ಹಾಗೇನೂ ಇರಲಿಲ್ಲ, ಆದರೂ ಬೇಸರವಾಗಿದ್ದರೆ ಕ್ಷಮಿಸಿ’ ಎಂದು ಉದ್ದಕ್ಕೆ ಬರೆದೆ. ಮತ್ತೆ ಇಬ್ಬರು ಹೊರಟುಹೋದರು. ಉಳಿದವರೆಲ್ಲ ಓದಿದ್ದಾರೆ, ನೀಲಿ ಟಿಕ್ ಬಂದಿದೆ, ಆದರೆ ಒಬ್ಬರೂ ಒಂದು ಮಾತು ಆಡಿಲ್ಲ. ಇದಾಗಿ ವಾರವಾಯಿತು. ಸಂವಹನದಲ್ಲಿ ಪದಗಳ ಪಾಲು ಶೇ 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಹಾವಭಾವ ಎಂದು ಮಗನ ಆಫೀಸಿನಲ್ಲಿ ಕಲಿಸಿದ್ದಾರಂತೆ. ಹಾಗಾದರೆ ಬರೆಯುವುದೇ ತಪ್ಪೇ? ನಗುಮುಖದ ಚಿತ್ರವೊಂದನ್ನು ಹಾಕಿದ್ದರೆ ಸಾಕಿತ್ತೇ? ನಮ್ಮ ಜನರಿಗೆ ಬೇಗ ಬೇಸರವಾಗುತ್ತದೆಯೇ? ಈಗ ನಾನು ಏನು ಮಾಡಬೇಕು? ಗ್ರೂಪ್‌ನಲ್ಲಿ ಯಾರಾದರೂ ಕೆಟ್ಟದಾಗಿ ಬರೆದರೆ ಪೊಲೀಸರು ಅಡ್ಮಿನ್ ಅನ್ನೇ ಹಿಡಿಯುತ್ತಾರೆ, ಇದೆಲ್ಲ ಬಿಟ್ಟುಬಿಡು ಎನ್ನುತ್ತಾರೆ ನನ್ನ ಯಜಮಾನರು. ಅದು ನಿಜವೇ? (ಹೆಸರು ಬೇಡ)

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ, ಆದರೆ ಅವೆಲ್ಲದರ ಹಿಂದಿರುವ ಕಳವಳ ಒಂದೇ. ಹಿರಿಯರ ಅನುಭವಕ್ಕೆ ತಲೆಬಾಗಿ ಬಿಟ್ಟುಕೊಟ್ಟ ಮಾತು ಅವರಿಗೆ ತಿರಸ್ಕಾರವಾಗಿ ಕೇಳಿಸಿದ್ದು ಹೇಗೆ, ಮತ್ತು ಇನ್ನು ಮುಂದೆ ಏನು ಬರೆದರೂ ಹೀಗೇ ಆಗುತ್ತದೆಯೇ ಎಂಬುದು. ಮುಂಬಯಿ ಮತ್ತು ಪುಣೆಯ ಕಚೇರಿಗಳಲ್ಲಿ ಸಂವಹನದ ತರಬೇತಿ ಕೊಡುವುದು ನನ್ನ ವೃತ್ತಿ. ಅಲ್ಲಿ ನನ್ನ ಮುಂದೆ ಬರುವ ಮನಸ್ತಾಪಗಳಲ್ಲಿ ಬೈಗುಳದಿಂದ ಹುಟ್ಟಿದವು ಕಡಿಮೆ. ಬರೆದವರಿಗೆ ಏನೂ ಅನ್ನಿಸದ, ಎರಡು ಮೂರು ಪದಗಳ ಇಂಥ ಸಾಲುಗಳಿಂದ ಹುಟ್ಟಿದವೇ ಹೆಚ್ಚು.

ಮೊದಲು ಆ ಸಾಲನ್ನೇ ಹತ್ತಿರದಿಂದ ನೋಡೋಣ. ಮದುವೆಮನೆಯಲ್ಲಿ ಸೊಸೆ ‘ಬಡಿಸುವುದನ್ನು ನೀವೇ ನೋಡಿಕೊಳ್ಳಿ ಅತ್ತೆ’ ಎಂದರೆ ಅದರಲ್ಲಿರುವುದು ಭರವಸೆ. ಊರಿನ ಮನೆಯ ರಿಪೇರಿ ಖರ್ಚಿಗಾಗಿ ಮಾತು ಬೆಳೆದು, ಅಣ್ಣನಾದವನು ತಮ್ಮನಿಗೆ ‘ಹಾಗಾದರೆ ನೀನೇ ನೋಡಿಕೋ’ ಎಂದರೆ ಅದು ಕೈತೊಳೆದುಕೊಂಡ ಮಾತು. ಪದಗಳು ಎರಡು ಕಡೆಯೂ ಹೆಚ್ಚುಕಡಿಮೆ ಅವೇ. ನಿಮ್ಮ ಮನಸ್ಸಿನಲ್ಲಿದ್ದದ್ದು ಮೊದಲನೆಯ ಅರ್ಥ, ಆದರೆ ನೀವು ಬರೆದ ರೀತಿಯಲ್ಲಿ ಇದ್ದ ಕುರುಹುಗಳೆಲ್ಲ ಎರಡನೆಯ ಅರ್ಥದ ಕಡೆಗೇ ಬೆರಳು ತೋರಿಸುತ್ತಿದ್ದವು. ‘ಹಾಗಾದರೆ’ ಎಂದು ಆರಂಭಿಸಿದ್ದರಿಂದ, ನನ್ನ ಸಲಹೆ ಬೇಡವಾಯಿತಲ್ಲ, ಆದ್ದರಿಂದ ಎಂಬ ಭಾವ ತಾನಾಗಿ ಸೇರಿಕೊಂಡಿತು. ‘ಸರಿ’ ಎಂಬಲ್ಲಿಗೆ ಪೂರ್ಣವಿರಾಮ ಬಿದ್ದು ಚರ್ಚೆ ಮುಗಿದಂತಾಯಿತು. ‘ಅಕ್ಕ’ ಎಂಬ ಸಂಬೋಧನೆ ಇರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಬಂದ ಮಾತು ಹಗಲಿನ ಮಾತಿಗಿಂತ ಹೆಚ್ಚು ಕಟುವಾಗಿ ಕಾಣುವುದೂ ಉಂಟು. ಇದನ್ನೇ ನೀವು ಎದುರಿಗೆ ನಿಂತು, ‘ನೀವೇ’ ಎಂಬುದನ್ನು ತುಸು ಎಳೆದು, ನಗುತ್ತ ಆಡಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ.

ಬರೆಯುವವರಿಗೆ ಈ ಅಪಾಯ ಏಕೆ ಕಾಣುವುದಿಲ್ಲ ಎಂಬುದನ್ನು ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಾಕ್ಯಗಳನ್ನು ಗಂಭೀರವಾಗಿಯೂ ಕೆಲವನ್ನು ವ್ಯಂಗ್ಯವಾಗಿಯೂ ಇನ್ನೊಬ್ಬರಿಗೆ ತಲುಪಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. ಇಮೇಲ್‌ನಲ್ಲಿ ಕಳಿಸಿದರೂ ಶೇ 78ರಷ್ಟು ಸಂದರ್ಭಗಳಲ್ಲಿ ತಮ್ಮ ಭಾವ ಓದುಗರಿಗೆ ತಿಳಿಯುತ್ತದೆ ಎಂದು ಕಳಿಸಿದವರು ನಂಬಿದ್ದರು. ನಿಜವಾಗಿ ತಿಳಿದದ್ದು ಶೇ 56ರಷ್ಟು ಮಾತ್ರ; ಕಣ್ಣುಮುಚ್ಚಿ ಊಹಿಸಿದರೂ ಶೇ 50 ಸರಿಯಾಗುತ್ತಿತ್ತು. ದನಿಯ ಮೂಲಕ ಹೇಳಿದಾಗ ಮಾತ್ರ ನಿರೀಕ್ಷೆ ಮತ್ತು ಫಲಿತಾಂಶ ಹತ್ತಿರ ಹತ್ತಿರ ಬಂದವು. ಬರೆಯುವಾಗ ನಮ್ಮದೇ ದನಿ ನಮ್ಮ ಕಿವಿಯಲ್ಲಿ ಕೇಳಿಸುತ್ತಿರುತ್ತದೆ, ಆದ್ದರಿಂದ ಅದು ಪರದೆಯ ಮೇಲೂ ಇದೆ ಎಂದುಕೊಳ್ಳುತ್ತೇವೆ. ಓದುವವರ ಬಳಿ ಆ ದನಿ ಇಲ್ಲ. ಅವರು ತಮ್ಮ ಆ ಹೊತ್ತಿನ ಮನಸ್ಥಿತಿಯಿಂದ, ನಿಮ್ಮಿಬ್ಬರ ನಡುವಿನ ಹಿಂದಿನ ಮಾತುಗಳಿಂದ ಒಂದು ದನಿಯನ್ನು ತಾವೇ ತುಂಬಿಕೊಳ್ಳುತ್ತಾರೆ. ಹಿಂದೆ ಯಾವುದೋ ಕಾರ್ಯಕ್ರಮದಲ್ಲಿ ನಿಮ್ಮಿಬ್ಬರ ನಡುವೆ ಸಣ್ಣ ಅಸಮಾಧಾನ ಇದ್ದಿದ್ದರೆ, ಈ ಸಾಲಿಗೆ ಅದರದೇ ದನಿ ಬಂದಿರುತ್ತದೆ. ಅದನ್ನು ನೆನಪು ಮಾಡಿಕೊಳ್ಳಬೇಕಾದವರು ನೀವು.

ನಿಮ್ಮ ಮಗ ಕೇಳಿ ಬಂದ ಶೇ 7ರ ಲೆಕ್ಕ ನನ್ನ ವೃತ್ತಿಯಲ್ಲೇ ಅತಿ ಹೆಚ್ಚು ಹರಡಿರುವ ತಪ್ಪು ತಿಳಿವಳಿಕೆ. ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಪದಕ್ಕೆ 7, ದನಿಗೆ 38, ಮುಖಭಾವಕ್ಕೆ 55 ಎಂಬ ಅಂಕಿಗಳು ಬಂದವು. ಒಂದೊಂದೇ ಬಿಡಿ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಬೇರೆ ಬೇರೆ ಮುಖಭಾವದ ಚಿತ್ರಗಳನ್ನು ತೋರಿಸಿ, ಹೇಳುವವರಿಗೆ ನಿಮ್ಮ ಮೇಲೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ ಪ್ರಯೋಗಗಳು ಅವು. ಪದ ಒಂದು ಹೇಳಿ ದನಿ ಇನ್ನೊಂದು ಹೇಳಿದಾಗ ಜನ ದನಿಯನ್ನೂ ಮುಖವನ್ನೂ ನಂಬುತ್ತಾರೆ ಎಂಬುದಷ್ಟೇ ಅವುಗಳ ಸಾರ. ಇಷ್ಟಾನಿಷ್ಟದ ಮಾತನ್ನು ಬಿಟ್ಟು ಬೇರೆ ಮಾತಿಗೆ ಈ ಲೆಕ್ಕ ಹೊಂದುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಸಭೆ ಎಷ್ಟು ಗಂಟೆಗೆ, ಸಭಾಗೃಹ ಎಲ್ಲಿ, ಮುಂಗಡ ಎಷ್ಟು ಎಂಬುದನ್ನು ಯಾವ ಹಾವಭಾವವೂ ಹೇಳಲಾರದು. ಆದ್ದರಿಂದ ಬರೆಯುವುದನ್ನು ಬಿಡಬೇಕಾಗಿಲ್ಲ. ಮನಸ್ಸಿಗೆ ತಾಗುವ ಮಾತು ಯಾವುದು, ಮಾಹಿತಿ ಯಾವುದು ಎಂಬ ವಿವೇಚನೆ ಇದ್ದರೆ ಸಾಕು.

ನಮ್ಮ ಜನರಿಗೆ ಬೇಗ ಬೇಸರವಾಗುತ್ತದೆಯೇ ಎಂದು ಕೇಳಿದ್ದೀರಿ. ಕಂಪ್ಯೂಟರ್‌ನಲ್ಲಿ ಬರೆದ ಮಾತನ್ನು ಕಂಪ್ಯೂಟರ್ ವಿಜ್ಞಾನಿಗಳೇ ತಪ್ಪಾಗಿ ಓದಿದ ಉದಾಹರಣೆ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಎಂಬ ತಮಾಷೆಯ ಮಾತನ್ನು ಕೆಲವರು ನಿಜವಾದ ಎಚ್ಚರಿಕೆ ಎಂದು ತಿಳಿದರು. ಆ ಗೊಂದಲದ ಬಳಿಕ 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ಪ್ರಾಧ್ಯಾಪಕರು, ತಮಾಷೆಯ ಮಾತಿಗೆ ಗುರುತಾಗಿ ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆಯಿಂದ ಮಾಡಿದ ನಗುಮುಖವನ್ನು ಬಳಸೋಣ ಎಂದು ಸೂಚಿಸಿದರು. ಇಂದು ನಾವು ಒತ್ತುವ ನಗುಮುಖಗಳ ಹಿಂದೆ ಆ ಸೂಚನೆ ಇದೆ. ಹೀಗಾಗಿ ಇದು ಡೊಂಬಿವಲಿಯ ಕನ್ನಡಿಗರ ದೌರ್ಬಲ್ಯವಲ್ಲ, ಬರೆದ ಮಾತಿಗೆ ಎಲ್ಲೆಡೆಯೂ ಇರುವ ಕೊರತೆ.

ಆ ನಗುಮುಖ ನಿಮ್ಮನ್ನು ಉಳಿಸುತ್ತಿತ್ತೇ? ನನಗೆ ಅನುಮಾನ. ಆಗಲೇ ನೊಂದವರಿಗೆ ಅದೇ ನಗು ಅಣಕದಂತೆ ಕಾಣುತ್ತದೆ. ಕೈಮುಗಿದ ಚಿತ್ರದ ಕಥೆಯೂ ಅಷ್ಟೇ. ಒಬ್ಬರಿಗೆ ಅದು ನಮಸ್ಕಾರ, ಇನ್ನೊಬ್ಬರಿಗೆ ಸಾಕು ಮಾಡಿ ತಾಯಿ ಎಂಬ ಅರ್ಥ. ಪೂರ್ಣವಿರಾಮದ ಬಗ್ಗೆಯೂ ಒಂದು ಮಾತು. ಚುಟುಕು ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದರೆ ಅದು ಮನಸಾರೆ ಹೇಳಿದ್ದಲ್ಲ ಎಂದು ಓದುಗರಿಗೆ ಅನ್ನಿಸುತ್ತದೆ ಎಂದು ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದಾರೆ. ಅದೇ ಉತ್ತರವನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಹಾಗೆ ಅನ್ನಿಸಲಿಲ್ಲ. ಅದು ಇಂಗ್ಲಿಷ್ ಬರೆಯುವ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ. ಶಾಲೆಯಲ್ಲಿ ಕಲಿತಂತೆ ವಿರಾಮಚಿಹ್ನೆ ಹಾಕುವ ನಿಮ್ಮ ವಯಸ್ಸಿನವರ ಕನ್ನಡಕ್ಕೆ ಅದನ್ನು ನೇರವಾಗಿ ಹೊಂದಿಸಬಾರದು. ಆದರೆ ಗ್ರೂಪ್‌ನಲ್ಲಿ ಇಪ್ಪತ್ತೈದರ ತರುಣಿಯರೂ ಇದ್ದರೆ ಅವರ ಕಣ್ಣಿಗೆ ನಿಮ್ಮ ‘ಸರಿ.’ ಸಿಡುಕಿನಂತೆ ಕಂಡಿರಬಹುದು.

ನೀಲಿ ಟಿಕ್ ಬಂದೂ ಒಬ್ಬರೂ ಮಾತಾಡಿಲ್ಲ, ಅಂದರೆ ಎಲ್ಲರೂ ನನ್ನ ವಿರುದ್ಧವಾಗಿದ್ದಾರೆ ಎಂಬ ನಿಮ್ಮ ಭಯಕ್ಕೆ ಆಧಾರವಿಲ್ಲ. ಗ್ರೂಪ್‌ನಲ್ಲಿ ಟಿಕ್ ನೀಲಿಯಾಗುವುದು ಎಲ್ಲ ಸದಸ್ಯರೂ ಸಂದೇಶವನ್ನು ತೆರೆದ ಮೇಲೆ, ನಿಜ. ಬಾಂಬೆ ಹೈಕೋರ್ಟ್ ಕೂಡ 2018ರಲ್ಲಿ ಒಂದು ಪ್ರಕರಣದಲ್ಲಿ, ವಾಟ್ಸಾಪ್ ಮೂಲಕ ಕಳಿಸಿದ ನೋಟಿಸು ತಲುಪಿತು ಮತ್ತು ತೆರೆಯಲಾಯಿತು ಎನ್ನುವುದಕ್ಕೆ ಈ ಗುರುತನ್ನು ಒಪ್ಪಿಕೊಂಡಿದೆ. ತೆರೆದದ್ದಕ್ಕೆ ಮಾತ್ರ ಅದು ಸಾಕ್ಷಿ. ಸಂಜೆಯ ಕಲ್ಯಾಣ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನ್ ಹಿಡಿದು ಬೆರಳಲ್ಲಿ ಸರಿಸಿದವರೂ ‘ಓದಿದವರ’ ಲೆಕ್ಕಕ್ಕೇ ಸೇರುತ್ತಾರೆ. ಇಬ್ಬರ ನಡುವಿನ ಮನಸ್ತಾಪದಲ್ಲಿ ತಲೆಹಾಕುವುದು ಬೇಡವೆಂದು ಸುಮ್ಮನಿರುವವರೇ ಸಾಮಾನ್ಯವಾಗಿ ಬಹುಮಂದಿ.

ಈಗ ನನ್ನ ಅಭಿಪ್ರಾಯದಲ್ಲಿ ಮುಖ್ಯವಾದ ಕಾರಣಕ್ಕೆ ಬರುತ್ತೇನೆ. ಆ ಸಾಲನ್ನು ಅಕ್ಕನೊಬ್ಬರಿಗೇ ಕಳಿಸಿದ್ದರೆ, ಅವರು ತುಸು ಹುಬ್ಬುಗಂಟಿಕ್ಕಿ ‘ಯಾಕೆ, ಸಿಟ್ಟಾಯ್ತಾ?’ ಎಂದು ತಿರುಗಿ ಕೇಳುತ್ತಿದ್ದರು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕು ಜನರ ಮುಂದೆ ಹಾಗೆ ಕೇಳಲಾಗುವುದಿಲ್ಲ. ಗ್ರೂಪ್‌ನಲ್ಲಿ ಬಂದ ಮಾತನ್ನು ಓದುವವರು ಅದರ ಅರ್ಥದ ಜೊತೆಗೆ, ಇದನ್ನು ಇಷ್ಟು ಜನ ಓದಿದರಲ್ಲ, ನನ್ನ ಮರ್ಯಾದೆ ಏನಾಯಿತು ಎಂಬುದನ್ನೂ ಲೆಕ್ಕ ಹಾಕುತ್ತಾರೆ. ಸಂಘಕ್ಕಾಗಿ ವರ್ಷಗಟ್ಟಲೆ ದುಡಿದ ಹಿರಿಯರಲ್ಲಿ ಈ ಲೆಕ್ಕ ಇನ್ನೂ ತೀಕ್ಷ್ಣ, ಏಕೆಂದರೆ ಅವರು ಅಲ್ಲಿಂದ ಪಡೆಯುವುದು ಆ ಮರ್ಯಾದೆಯೊಂದನ್ನೇ. ಕಚೇರಿಗಳಲ್ಲಿಯೂ ಇದನ್ನೇ ಕಾಣುತ್ತೇನೆ. ಒಬ್ಬರಿಗೇ ಬರೆದಾಗ ತಿದ್ದುಪಡಿಯಾಗಿ ಒಪ್ಪಿಗೆಯಾಗುವ ಮಾತು, ಮೇಲಧಿಕಾರಿಗೂ ಪ್ರತಿ ಹೋಗಿದೆ ಎಂದು ತಿಳಿದ ಕೂಡಲೇ ದೂರು ಎನ್ನಿಸುತ್ತದೆ.

ಇದರ ಮೇಲೆ ನಮ್ಮ ಮುಂಬಯಿಯ ಸಂಘಗಳಿಗೆ ಇನ್ನೊಂದು ತೊಡಕು ಇದೆ. ಊರಿನಲ್ಲಾದರೆ ಸುತ್ತಲಿನವರೆಲ್ಲ ಒಂದೇ ಬಗೆಯ ಕನ್ನಡ ಆಡುತ್ತಾರೆ. ಇಲ್ಲಿ ಉಡುಪಿ ಕಡೆಯವರು, ಕಾರವಾರದವರು, ವಿಜಯಪುರ, ಕಲಬುರಗಿಯವರು, ಇಲ್ಲೇ ಹುಟ್ಟಿ ಬೆಳೆದು ಮನೆಯಲ್ಲಿ ಮಾತ್ರ ಕನ್ನಡ ಆಡುವವರು ಒಂದೇ ಗ್ರೂಪ್‌ನಲ್ಲಿರುತ್ತಾರೆ. ಪುಣೆಯ ಹಿಂಜವಡಿಯ ಒಂದು ಕಚೇರಿಯಲ್ಲಿ ವಿಜಯಪುರದ ಹುಡುಗನೊಬ್ಬ ಕರಾವಳಿಯ ಹಿರಿಯ ಸಹೋದ್ಯೋಗಿಗೆ ‘ಯಾಕ್ರಿ, ಇನ್ನೂ ಆಗಿಲ್ಲೇನ್ರಿ?’ ಎಂದು ಬರೆದಿದ್ದ. ಅವನ ಊರಿನಲ್ಲಿ ಎರಡೆರಡು ಸಲ ‘ರಿ’ ಸೇರಿಸಿದರೆ ಅದು ಮರ್ಯಾದೆ. ಪುಸ್ತಕದ ಕನ್ನಡಕ್ಕೆ ಹತ್ತಿರವಾದ ಮಾತಿಗೆ ಒಗ್ಗಿದ ಅವರಿಗೆ ಅದು ಜಬರಿಸಿದ ಹಾಗೆ ಕೇಳಿಸಿತು. ಇಬ್ಬರನ್ನೂ ಕೂರಿಸಿ, ಅದನ್ನು ಅವನ ಬಾಯಿಂದಲೇ ಒಮ್ಮೆ ಹೇಳಿಸಿದಾಗ ಅವರಿಗೆ ನಗು ಬಂತು. ಮುಂಬಯಿ ಹಿಂದಿಯ ‘ತೂ’, ‘ತುಮ್’ ರೂಢಿಯಾದ ಇಲ್ಲಿನ ಮಕ್ಕಳು ಹಿರಿಯರಿಗೆ ‘ನೀನು’ ಎಂದು ಬರೆದಾಗಲೂ ಅದು ಉದ್ಧಟತನವಲ್ಲ, ಅಭ್ಯಾಸ. ನಿಮ್ಮ ಅಕ್ಕ ಯಾವ ಕಡೆಯವರು ಎಂದು ನೀವು ಬರೆದಿಲ್ಲ. ಒಮ್ಮೆ ಯೋಚಿಸಿ ನೋಡಿ.

ಗ್ರೂಪ್‌ನಲ್ಲಿ ಕೇಳಿದ ಕ್ಷಮೆ ವಿಷಯವನ್ನು ಏಕೆ ಬಿಗಡಾಯಿಸಿತು ಎಂಬುದನ್ನೂ ನೇರವಾಗಿ ಹೇಳಬೇಕು. ಅಕ್ಕ ಆಗಲೇ ಗ್ರೂಪ್ ಬಿಟ್ಟಿದ್ದರು, ಆದ್ದರಿಂದ ಕ್ಷಮೆ ತಲುಪಬೇಕಾದವರನ್ನು ಬಿಟ್ಟು ಉಳಿದ ಎಲ್ಲರಿಗೂ ತಲುಪಿತು. ಅಕ್ಕನ ಪಾಲಿಗೆ ಅದು ಯಾರೋ ಕಳಿಸಿದ ಸ್ಕ್ರೀನ್‌ಶಾಟ್ ಆಗಿಯೇ ಬಂದಿರಬೇಕು. ಇನ್ನೊಂದು ಸಂಗತಿ: 2022ರಿಂದ ಯಾರಾದರೂ ಗ್ರೂಪ್ ಬಿಟ್ಟರೆ ಅದರ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಬರುತ್ತದೆ. ಸದ್ದಿಲ್ಲದೆ ಹೊರಟ ಅಕ್ಕನ ವಿಷಯ ಹಲವರಿಗೆ ತಿಳಿದದ್ದು ನಿಮ್ಮ ಬರಹದಿಂದಲೇ ಇರಬಹುದು. ಅದಲ್ಲದೆ ‘ಅಕ್ಕ ತಪ್ಪು ತಿಳಿದುಕೊಂಡಿದ್ದಾರೆ’ ಎಂದು ಆರಂಭಿಸಿ ‘ಬೇಸರವಾಗಿದ್ದರೆ ಕ್ಷಮಿಸಿ’ ಎಂದು ಮುಗಿಸಿದಾಗ, ತಪ್ಪು ತಿಳಿದದ್ದು ಅವರದೇ ದೋಷ, ಬೇಸರವಾಗಿದೆಯೋ ಇಲ್ಲವೋ ನನಗೆ ಖಚಿತವಿಲ್ಲ ಎಂಬ ಎರಡು ಮಾತುಗಳು ಕ್ಷಮೆಯೊಳಗೆ ಸೇರಿಕೊಂಡವು. ನಿಮ್ಮ ಉದ್ದೇಶ ಒಳ್ಳೆಯದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನೊಂದವರು ಓದುವಾಗ ಕಾಣುವುದು ಇದು.

ಈಗ ಮುಂದಿನ ದಾರಿ. ಆ ಸಂದೇಶವನ್ನು ಅಳಿಸುವ ಯೋಚನೆ ಬಿಡಿ. ಎಲ್ಲರ ಫೋನ್‌ನಿಂದಲೂ ಅಳಿಸಲು ವಾಟ್ಸಾಪ್ ಕೊಡುವ ಅವಧಿ ಎರಡು ದಿನಕ್ಕಿಂತ ತುಸು ಹೆಚ್ಚು, ತಿದ್ದಲು 15 ನಿಮಿಷ. ಎರಡೂ ಮುಗಿದಿವೆ, ಮತ್ತು ಅಳಿಸಿದರೂ ತಿದ್ದಿದರೂ ಗುರುತು ಉಳಿಯುತ್ತದೆ.

ಇದ್ದುದರಲ್ಲಿ ಒಳ್ಳೆಯ ದಾರಿ ಹೋಗಿ ಮಾತಾಡುವುದು. ಅಕ್ಕ ಡೊಂಬಿವಲಿಯಲ್ಲೇ ಇದ್ದರೆ ಹೆಚ್ಚೆಂದರೆ ರೈಲ್ವೆ ಸೇತುವೆ ದಾಟಿ ಪೂರ್ವಕ್ಕೆ ಹೋಗಬೇಕಾದೀತು. ಆದರೆ ಹೇಳದೆ ಹೋದರೆ ಅವರ ಮನೆಯವರ ಮುಂದೆ ಮತ್ತೊಂದು ಗ್ರೂಪ್ ಸೇರಿದಂತಾಗುತ್ತದೆ, ಅವರಿಗೆ ಬೇಡವೆನ್ನಲು ಅವಕಾಶವೂ ಇರುವುದಿಲ್ಲ. ಆದ್ದರಿಂದ ಮೊದಲು ಫೋನ್ ಮಾಡಿ, ಮನೆಗೆಲಸ ಮುಗಿದು ಬಿಡುವಾಗುವ ಹೊತ್ತು ನೋಡಿ. ‘ನಾನು ಹಾಗೆ ಹೇಳಲಿಲ್ಲ’ ಎಂದು ಆರಂಭಿಸಬೇಡಿ. ‘ಅಕ್ಕ, ಅವತ್ತು ಎಲ್ಲರ ಮುಂದೆ ನಾನು ಬರೆದ ಮಾತಿನಿಂದ ನಿಮಗೆ ನೋವಾಯಿತು. ಆಮೇಲೆ ಗ್ರೂಪ್‌ನಲ್ಲಿ ಬರೆದದ್ದು ಇನ್ನೂ ತಪ್ಪಾಯಿತು. ನಿಮ್ಮ ಹತ್ತಿರವೇ ಮೊದಲು ಮಾತಾಡಬೇಕಿತ್ತು’ ಎಂದಷ್ಟು ಹೇಳಿ ಸುಮ್ಮನಾಗಿ. ಅವರು ಸಿಟ್ಟು ತೋರಿಸಿದರೆ ತೋರಿಸಲಿ. ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಅವರಾಗಿ ಕೇಳಿದ ಮೇಲೆ ಹೇಳಿದರೆ ಅದು ವಿವರಣೆಯಾಗುತ್ತದೆ, ಕೇಳುವ ಮೊದಲೇ ಹೇಳಿದರೆ ಸಮರ್ಥನೆಯಂತೆ ಕೇಳಿಸುತ್ತದೆ.

ಫೋನ್ ಎತ್ತದಿದ್ದರೆ ಮತ್ತೆ ಮತ್ತೆ ಮಾಡಬೇಡಿ. ‘ಅಕ್ಕ, ನಿಮ್ಮ ಹತ್ತಿರ ಮಾತಾಡಬೇಕಿತ್ತು. ನಿಮಗೆ ಅನುಕೂಲವಾದಾಗ ಹೇಳಿ, ನಾನೇ ಬರುತ್ತೇನೆ’ ಎಂಬ ಒಂದು ಸಂದೇಶ ಅವರಿಗೊಬ್ಬರಿಗೇ ಸಾಕು. ವಾಯ್ಸ್ ಮೆಸೇಜ್‌ನಲ್ಲಿ ದನಿ ತಲುಪುವುದರಿಂದ ಅದು ಬರಹಕ್ಕಿಂತ ವಾಸಿ ಎಂದು ಹಲವರು ನಂಬುತ್ತಾರೆ. ಒಂದು ಮಟ್ಟಿಗೆ ಸರಿ, ಆದರೆ ಮೂರು ನಿಮಿಷದ ಧ್ವನಿಯಲ್ಲಿ ಎದುರಿನವರಿಗೆ ನಡುವೆ ಮಾತಾಡಲು ಅವಕಾಶವಿಲ್ಲ, ಅದನ್ನು ಅವರು ಮನೆಮಂದಿಯ ನಡುವೆ ಸ್ಪೀಕರ್‌ನಲ್ಲಿ ಕೇಳಬಹುದು, ಫಾರ್ವರ್ಡ್ ಕೂಡ ಆಗಬಹುದು. ಸಂಘದ ಹಿರಿಯರೊಬ್ಬರ ಮೂಲಕ ಹೇಳಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಇಬ್ಬರೂ ನಂಬುವವರು ಸಿಕ್ಕರೆ ಅದು ಕೆಲಸ ಮಾಡುತ್ತದೆ. ಅವರು ಸಮಿತಿಯಲ್ಲಿ ಯಾವುದಾದರೂ ಪಕ್ಷ ಹಿಡಿದವರಾದರೆ ಕೇಟರರ್ ವಿಷಯ ಚುನಾವಣೆಯ ವಿಷಯವಾಗುತ್ತದೆ. ಕಾಲವೇ ಸರಿಮಾಡಲಿ ಎಂದು ಬಿಡುವುದನ್ನು ಮಾತ್ರ ನಾನು ಒಪ್ಪಲಾರೆ. ನೀವು ಸುಮ್ಮನಿದ್ದಷ್ಟು ದಿನ ಅಕ್ಕ ಆ ಮೌನಕ್ಕೂ ತಮಗೆ ತೋಚಿದ ಅರ್ಥ ಕೊಡುತ್ತಿರುತ್ತಾರೆ, ಮತ್ತು ವಾರ ಕಳೆದಿರುವುದರಿಂದ ಅದು ಈಗಾಗಲೇ ಶುರುವಾಗಿದೆ.

ಇನ್ನು ಅದೇ ಮಾತನ್ನು ಹೇಗೆ ಬರೆಯಬಹುದಿತ್ತು ಎಂಬುದು. ‘ಅಕ್ಕ, ಅಡುಗೆಯ ವಿಷಯದಲ್ಲಿ ನಿಮಗಿರುವ ಅನುಭವ ನನಗಿಲ್ಲ. ಠಾಣೆಯವರನ್ನೇ ಗೊತ್ತುಮಾಡೋಣ. ನೀವು ಅವರ ಹತ್ತಿರ ಮಾತಾಡಿ ಎಲೆಗೆ ಎಷ್ಟಾಗುತ್ತದೆ ಎಂದು ಕೇಳುತ್ತೀರಾ? ಭಾನುವಾರದೊಳಗೆ ತಿಳಿಸಿದರೆ ಮುಂಗಡ ಕೊಟ್ಟು ಬರುವ ಕೆಲಸ ನನ್ನದು.’ ಇಲ್ಲಿ ನಿಮ್ಮ ಮನಸ್ಸಿನಲ್ಲಿದ್ದ ಕಾರಣ ಹೊರಗೆ ಬಂದಿದೆ, ತೀರ್ಮಾನ ಏನೆಂಬುದು ಸ್ಪಷ್ಟವಾಗಿದೆ, ಕೆಲಸ ಕೋರಿಕೆಯ ರೂಪದಲ್ಲಿದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಕೊನೆಯ ಸಾಲು. ನಿಮ್ಮ ಪಾಲಿನ ಕೆಲಸವನ್ನೂ ಹೇಳಿದ ಮೇಲೆ, ಇವರು ಕೈತೊಳೆದುಕೊಂಡರು ಎಂದು ಯಾರೂ ಓದಲಾರರು. ಇಷ್ಟು ಬರೆಯಲು ಒಂದು ನಿಮಿಷ ಹೆಚ್ಚು ಬೇಕು, ಆದ್ದರಿಂದ ನಿದ್ದೆಗಣ್ಣಿನಲ್ಲಿ ಬರೆಯಬೇಡಿ. ಇಂಟರ್ನೆಟ್ ಬಳಕೆಯ ಶಿಷ್ಟಾಚಾರಕ್ಕೆಂದು 1995ರ ಅಕ್ಟೋಬರ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 1855 ಎಂಬ ಕೈಪಿಡಿಯಲ್ಲೇ, ಸಂದೇಶಕ್ಕೆ ಭಾವಾವೇಶದ ಉತ್ತರ ಕಳಿಸುವ ಮುನ್ನ ಒಂದು ರಾತ್ರಿ ಕಾಯಿರಿ ಎಂಬ ಸೂಚನೆ ಇದೆ. ಭಿನ್ನಾಭಿಪ್ರಾಯ ಒಬ್ಬರ ಹೆಸರಿಗೆ ತಗಲುವಂತಿದ್ದರೆ ಅದನ್ನು ಗ್ರೂಪ್‌ನಲ್ಲಿ ಬರೆಯದೆ ಅವರಿಗೊಬ್ಬರಿಗೇ ಫೋನ್ ಮಾಡಿ, ಒಪ್ಪಿಗೆಯಾದ ತೀರ್ಮಾನವನ್ನಷ್ಟೇ ಗ್ರೂಪ್‌ನಲ್ಲಿ ಹಾಕಿ.

ಕೊನೆಗೆ ನಿಮ್ಮ ಯಜಮಾನರ ಆತಂಕ. ಸದಸ್ಯರೊಬ್ಬರು ಆಕ್ಷೇಪಾರ್ಹವಾಗಿ ಬರೆದರೆ, ಅದರಲ್ಲಿ ಸಮಾನ ಉದ್ದೇಶ ಅಥವಾ ಮೊದಲೇ ಮಾಡಿಕೊಂಡ ಸಂಚು ಇಲ್ಲದಿದ್ದಲ್ಲಿ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅವರನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ 2021ರಲ್ಲಿ ಹೇಳಿದೆ. ನೀವೇ ಬರೆದದ್ದಕ್ಕೆ, ಗೊತ್ತಿದ್ದೂ ಹುರಿದುಂಬಿಸಿದ್ದಕ್ಕೆ ಈ ರಕ್ಷಣೆ ಇಲ್ಲ. ಹಾಗಾಗಿ ಈ ಘಟನೆಗೆ ಹೆದರಿ ಅಡ್ಮಿನ್ ಸ್ಥಾನ ಬಿಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ಒಂದನ್ನು ಮಾತ್ರ ಮಾಡಬೇಡಿ: ಅಕ್ಕನನ್ನು ಕೇಳದೆ ಅವರ ನಂಬರನ್ನು ಮತ್ತೆ ಗ್ರೂಪ್‌ಗೆ ಸೇರಿಸಬೇಡಿ. ಮಾತುಕತೆಯಾಗಿ ಅವರು ಒಪ್ಪಿದ ಮೇಲೆ ಲಿಂಕ್ ಕಳಿಸಿ, ಸೇರುವುದು ಯಾವಾಗ ಎಂಬುದನ್ನು ಅವರಿಗೇ ಬಿಡಿ.